ಅವನಿಲ್ಲದೆಯೂ ನಡೆಯುತ್ತೆ

ನಾನು ಕಾಲು ತಿಕ್ಕುವವನು. ಗುರುತಿನ ಕಾರ್ಡಿನಲ್ಲಿ ಬೇರೇನೋ ಉದ್ದನೆಯ ಹೆಸರಿದೆ. ಅದನ್ನು ನಮ್ಮಮ್ಮ ನೆಂಟರ ಮುಂದೆ ಒಂದಕ್ಷರ ಬಿಡದೆ, ನಿಧಾನವಾಗಿ ಹೇಳುತ್ತಾಳೆ. ಮಾಲೀಶಿನ ಡಿಪ್ಲೊಮಾ ಮುಗಿಸಿದಾಗ ಸ್ವಂತ ಚಿಕಿತ್ಸಾಲಯ ತೆರೆಯುತ್ತೇನೆ, ಮಿಲಾನಿನ ಫುಟ್‌ಬಾಲ್ ಆಟಗಾರರು ನನ್ನ ಬಾಗಿಲಲ್ಲಿ ಸಾಲುಗಟ್ಟುತ್ತಾರೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಕೊನೆಗೆ ಒಂದು ಸೈಕಲ್ ತಂಡದಲ್ಲಿ ಸಂಬಳಕ್ಕೆ ಸೇರಿಕೊಂಡೆ. ಬೆಳಗ್ಗೆ ಬಾಟಲಿಗಳಿಗೆ ನೀರು ತುಂಬಬೇಕು, ಬನ್ನಿನೊಳಗೆ ಹ್ಯಾಮ್ ಇಟ್ಟು ಕಾಗದ ಸುತ್ತಬೇಕು, ಮಧ್ಯಾಹ್ನ ರಸ್ತೆ ಬದಿಯಲ್ಲಿ ನಿಂತು ಓಡುವ ಸೈಕಲ್ಲಿಗೆ ಅವನ್ನು ಕೊಡಬೇಕು, ಸಂಜೆ ಎಣ್ಣೆ ಹಚ್ಚಿ ಕಾಲು ತಿಕ್ಕಬೇಕು, ಆಮೇಲೆ ಎಲ್ಲರ ಬೆವರು ಬಟ್ಟೆ ಒಗೆಯಬೇಕು. ಫುಟ್‌ಬಾಲ್ ಆಟಗಾರರು ಇನ್ನೂ ಬಂದಿಲ್ಲ.

ಹಾಗಿದ್ದೂ ಬೆರ್ಗಾಮೊ ಕಡೆಯ ಬಾರುಗಳಲ್ಲಿ ನನಗೆ ಕಾಫಿ ಪುಕ್ಕಟೆ. ನಮ್ಮ ತಂಡದ ನಾಯಕ ಇವೊ ದಾಲ್‌ಪ್ರಾನ ಕಾಲು ಮುಟ್ಟಿದ ಕೈ ಎಂದು ಅಲ್ಲಿನ ಮುದುಕರು ನನ್ನ ಅಂಗೈ ತಿರುಗಿಸಿ ತಿರುಗಿಸಿ ನೋಡುತ್ತಾರೆ. ನೋಡಿಯಾದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ.

"ಅಲ್ಲಯ್ಯಾ, ಇವೊ ಜಿರೊ ಬಿಟ್ಟು ಟೂರ್‌ಗೆ ಯಾಕೆ ಹೋಗ್ತಾನೆ? ಸ್ವಂತ ಮನೆ ಮದುವೆ ಬಿಟ್ಟು ಪಕ್ಕದ ಬೀದಿ ಊಟಕ್ಕೆ ಹೋದಂಗಾಯ್ತಲ್ಲ?"

ಮೇ ತಿಂಗಳಲ್ಲಿ ನಮ್ಮ ಇಟಲಿಯ ಜಿರೊ. ಜುಲೈಯಲ್ಲಿ ಫ್ರಾನ್ಸಿನ ಟೂರ್. ಬೇಸಿಗೆ ಮುಗಿಯುವ ಹೊತ್ತಿಗೆ ಸ್ಪೇನಿನ ವುವೆಲ್ಟಾ. ಒಂದೊಂದೂ ಮೂರು ವಾರದ ಓಟ. ಮನುಷ್ಯನ ಮೈ ವರ್ಷಕ್ಕೆ ಒಂದನ್ನು ಮನಸಾರೆ ಓಡುತ್ತದೆ, ಎರಡನೆಯದನ್ನು ಹಲ್ಲು ಕಚ್ಚಿ ಓಡುತ್ತದೆ. ಮೂರನೆಯದಕ್ಕೆ ಹೋದರೆ ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದ ಹಾಗೆ. ಅದಕ್ಕೇ ಆರಿಸಿಕೊಳ್ಳಬೇಕು. ಬಾರಿನವರ ಪ್ರಕಾರ ಇದು ಹೋಟೆಲಿನಲ್ಲಿ ತಿಂಡಿ ಹೇಳಿದಷ್ಟು ಸುಲಭ. ನಾಯಕ ಕಾಲ ಮೇಲೆ ಕಾಲು ಹಾಕಿ ಕೂತು, ಮೂರೂ ಓಟದ ನಕ್ಷೆ ನೋಡಿ, "ಇದೊಂದು ಕೊಡಿ" ಅನ್ನುತ್ತಾನೆ. ನಾನೂ ಹಾಗೆಯೇ ತಿಳಿದಿದ್ದೆ. ನಾಯಕ ತಿಂಡಿ ಹೇಳಿದರೆ ಅದೇ ತಟ್ಟೆಯಲ್ಲಿ ಉಣ್ಣಬೇಕಾದವರು ಇನ್ನೂ ಕೆಲವರಿದ್ದಾರೆ ಎಂಬುದು ನನ್ನ ಬುರುಡೆಗೆ ಹೊಳೆದದ್ದು ಎಜಿದಿಯೊನ ಕಾಲು ನನ್ನ ಕೈಗೆ ಬಂದ ಮೇಲೆ.

ಎಜಿದಿಯೊ ನೋರಿಸ್ ಸೆರಿಯೊ ಕಣಿವೆಯ ಪ್ರದಾಲ್ತಾ ಎಂಬ ಊರಿನವನು. ಅಪ್ಪ ಬಟ್ಟೆ ಗಿರಣಿಯಲ್ಲಿ ಮಗ್ಗಗಳ ನಡುವೆ ನಿಂತು ನಿಂತು ಕಿವುಡಾದವನು. ಮಗ ಚಿಕ್ಕ ವಯಸ್ಸಿಗೇ ಚರ್ಚಿನ ಸೈಕಲ್ ಸಂಘ ಸೇರಿದ. ಆ ವಯಸ್ಸಿನಲ್ಲಿ ಎಲ್ಲರೂ ಗೆಲ್ಲುವ ಕನಸು ಕಾಣುತ್ತಾರೆ. ಇವನು ಗೆಲ್ಲುವವನ ಮುಂದೆ ಹೋಗಿ ಗಾಳಿಗೆ ಎದೆಕೊಡುತ್ತಿದ್ದನಂತೆ. ಹೀಗೆ ಇನ್ನೊಬ್ಬನಿಗಾಗಿ ಓಡುವವನನ್ನು ನಮ್ಮಲ್ಲಿ ಗ್ರೆಗಾರಿಯೊ ಎನ್ನುತ್ತಾರೆ. ಹಿಂಡಿನವನು ಎಂದರ್ಥ. ಗಾಳಿಗೆ ಅಡ್ಡ ಹೋಗುವುದು, ಹಿಂದೆ ಸರಿದು ತಂಡದ ಕಾರಿನಿಂದ ನೀರು ತಂದು ಹಂಚುವುದು, ನಾಯಕನ ಚಕ್ರ ಪಂಕ್ಚರಾದರೆ ತನ್ನದನ್ನು ಬಿಚ್ಚಿಕೊಟ್ಟು ದಾರಿಯಲ್ಲಿ ಕಾಯುತ್ತ ನಿಲ್ಲುವುದು, ನಾಯಕನಿಗೆ ಓಟದ ನಡುವೆ ಉಚ್ಚೆ ಬಂದರೆ ಅವನು ಹೊಯ್ದು ಮುಗಿಸುವ ತನಕ ಬೆನ್ನಿಗೆ ಕೈಯಿಟ್ಟು ಸೈಕಲ್ ತಳ್ಳುವುದು, ಇವೆಲ್ಲ ಅವನ ಕಸುಬು.

ದೊಡ್ಡವನಾದ ಮೇಲೆ ಒಂದು ಓಟವನ್ನೂ ಗೆಲ್ಲಲಿಲ್ಲ. ಒಮ್ಮೆ ಯಾವುದೋ ಸಣ್ಣ ಊರಿನಲ್ಲಿ ಮೂರನೆಯವನಾಗಿ ಬಂದು ಒಣಗಿಸಿದ ಹಂದಿಯ ತೊಡೆಯೊಂದು ಬಹುಮಾನ ಬಂತಂತೆ. ತಂಡವೆಲ್ಲ ಕೂತು ತಿಂದಿತು. "ಮೂಳೆ ನನ್ನ ಪಾಲಿಗೆ ಬಂತು," ಎಂದು ನಗುತ್ತಿದ್ದ.

ಅವನ ಜೀವನ ಬರೆಯಬೇಕೆಂದರೆ ಅವನ ನಾಯಕರ ಚಾಳಿಗಳನ್ನು ಬರೆದರೆ ಸಾಕು. ಮೊದಲನೆಯವನು ಸ್ಪೇನಿನವನು, ಬಿಸಿಲೆಂದರೆ ಪ್ರಾಣ. ಎಜಿದಿಯೊ ವರ್ಷ ವರ್ಷವೂ ವುವೆಲ್ಟಾದ ಕಾದ ಡಾಂಬರಿನ ಮೇಲೆ ಬೆಂದ. ಎರಡನೆಯವನಿಗೆ ಗುಡ್ಡ ಕಂಡರೆ ಜ್ವರ. ಯಾವ ದೇಶದ ನಕ್ಷೆಯಲ್ಲಿ ಬಯಲು ಹೆಚ್ಚೋ ಅಲ್ಲಿಗೆ ಇವನ ಗಂಟುಮೂಟೆ. ಜಿರೊಗೂ ಬೇಕಾದಷ್ಟು ಸಲ ಬಂದಿದ್ದಾನೆ, ನಾಯಕರು ಬಂದಾಗ. ಹೆಂಡತಿ ಓರ್ನೆಲ್ಲಾಳಿಗೆ ಮೇ ತಿಂಗಳ ಹೂವಿನ ಕಾಲದಲ್ಲಿ ಮದುವೆಯಾಗುವ ಆಸೆಯಿತ್ತು. ಮೇ ಖಾಲಿಯಿರಲಿಲ್ಲ, ಜುಲೈ ಖಾಲಿಯಿರಲಿಲ್ಲ. ನವೆಂಬರಿನ ಮಂಜಿನಲ್ಲಿ, ಫೋಟೊದಲ್ಲಿ ಯಾರ ಮುಖವೂ ಸರಿಯಾಗಿ ಕಾಣದ ಹಾಗೆ ಮದುವೆಯಾಯಿತು.

"ನೀನು ಜೀವನದಲ್ಲಿ ಏನನ್ನಾದ್ರೂ ಆರಿಸಿಕೊಂಡಿದ್ದೀಯಾ?" ಎಂದು ಒಮ್ಮೆ ತೊಡೆ ತಿಕ್ಕುತ್ತ ಕೇಳಿದೆ.

"ಓರ್ನೆಲ್ಲಾನ ಆರಿಸಿಕೊಂಡೆ," ಅಂದ. ನಾನು ಇನ್ನೊಂದು ತೊಡೆಗೆ ಬಂದಾಗ, "ಇಲ್ಲ ಇಲ್ಲ. ಅದೂ ಅವಳೇ."

ಅವನಿಗೆ ಮೂವತ್ತಾರು ತುಂಬಿದ ವರ್ಷ, ಅಕ್ಟೋಬರಿನಲ್ಲಿ, ಮುಂದಿನ ಜಿರೊ ಎಲ್ಲೆಲ್ಲಿ ಹಾದುಹೋಗುತ್ತದೆಂದು ಪ್ರಕಟವಾಯಿತು. ಒಂದು ದಿನದ ದಾರಿ ಸೆರಿಯೊ ಕಣಿವೆ ಹತ್ತಿ ಹೋಗುತ್ತಿತ್ತು. ಪ್ರದಾಲ್ತಾದ ಪೇಟೆ ಬೀದಿಯಲ್ಲಿ, ಓರ್ನೆಲ್ಲಾಳ ಪಾರ್ಲರಿನ ಮುಂದೆ. ಪಾರ್ಲರಿನ ಮೇಲಿನ ಮಹಡಿಯೇ ಅವರ ಮನೆ.

ಸವಾರರ ಹಿಂಡಿನಲ್ಲಿ ಒಂದು ಪದ್ಧತಿಯಿದೆ. ಯಾರೂ ಬರೆದಿಟ್ಟದ್ದಲ್ಲ. ಓಟ ಒಬ್ಬ ಸವಾರನ ಊರಿನ ಮೇಲೆ ಹಾದುಹೋಗುವ ದಿನ ಊರು ಹತ್ತಿರವಾದಾಗ ಹಿಂಡೆಲ್ಲ ವೇಗ ಇಳಿಸುತ್ತದೆ. ಅವನೊಬ್ಬನೇ ಮುಂದೆ ಹೋಗುತ್ತಾನೆ. ಮನೆ ಬಾಗಿಲಲ್ಲಿ ಸೈಕಲ್ ಇಳಿದು, ಹೆಂಡತಿಗೆ ಮುತ್ತು ಕೊಟ್ಟು, ಯಾರೋ ಚಾಚಿದ ವೈನಿನಲ್ಲಿ ಒಂದು ಗುಟುಕು ಕುಡಿದು, ಹಿಂಡು ಬಂದಾಗ ಮತ್ತೆ ಹತ್ತಿ ಸೇರಿಕೊಳ್ಳುತ್ತಾನೆ. ಇದಕ್ಕೆ ನಾವು ಮನೆರಜೆ ಅನ್ನುತ್ತೇವೆ. ಅಷ್ಟು ಹೊತ್ತು ದೊಡ್ಡ ದೊಡ್ಡ ವಿಜೇತರೆಲ್ಲ ಅವನ ಹಿಂದೆ. ಎಂದೂ ಗೆಲ್ಲದವನಿಗೆ ಸಿಗುವ ಗೆಲುವು ಅದೊಂದೇ. ಎಜಿದಿಯೊ ಎಷ್ಟೋ ಜನರ ಊರಿನಲ್ಲಿ ಬ್ರೇಕ್ ಹಿಡಿದು ಅವರಿಗೆ ರಜೆ ಕೊಟ್ಟಿದ್ದ. ಅವನ ಊರಿನ ಮೇಲೆ ಮಾತ್ರ ಯಾವ ಓಟವೂ ಬಂದಿರಲಿಲ್ಲ.

ಊರು ತಲೆಕೆಳಗಾಯಿತು. ಎಜಿದಿಯೊ ಅಭಿಮಾನಿ ಸಂಘದ ಅಧ್ಯಕ್ಷ ಫೆರ್ಮೊ, ಮಾಂಸದ ಅಂಗಡಿ ಮಗನಿಗೆ ಬಿಟ್ಟುಕೊಟ್ಟು ಬಾರಿನಲ್ಲಿ ಕೂತಿರುವ ಹಿರಿಯ. ಅವನಿಗೆ ತಾಳ್ಮೆ ಎಂಬುದಿಲ್ಲ. ಡಿಸೆಂಬರಿನಲ್ಲೇ ಪೇಟೆ ಬೀದಿಯ ಉದ್ದಕ್ಕೂ ಬಿಳಿ ಬಣ್ಣದಲ್ಲಿ ಎಜಿದಿಯೊನ ಹೆಸರು ಬರೆಸಿದ. ಮಾರನೆಯ ವಾರ ಹಿಮ ಬಿತ್ತು. ಹಿಮ ಬಳಿಯುವ ಯಂತ್ರ ಹಿಮದ ಜೊತೆಗೆ ಹೆಸರನ್ನೂ ಬಳಿದುಕೊಂಡು ಹೋಯಿತು.

ಆ ಹೊತ್ತಿಗೆ ನಾವು ಸ್ಪೇನಿನ ಸಮುದ್ರದಂಡೆಯ ಹೋಟೆಲಿನಲ್ಲಿದ್ದೆವು. ಚಳಿಗಾಲದ ಅಭ್ಯಾಸ, ಮತ್ತು ಯಾರು ಯಾವ ಓಟಕ್ಕೆ ಎಂಬ ತೀರ್ಮಾನ. ಹೊರಗಿನವರು ಈ ತೀರ್ಮಾನವನ್ನು ಸಭೆಯ ಕೋಣೆಯಲ್ಲಿ ಹುಡುಕುತ್ತಾರೆ. ಅದು ಆಗುವುದು ನನ್ನ ಮೇಜಿನ ಮೇಲೆ, ಮುಖ ತೂರಿಸಲು ಇರುವ ತೂತಿನೊಳಗಿಂದ ಬರುವ ಗೊಣಗಾಟದಲ್ಲಿ.

"ತೊಬಿಯಾ, ಈ ಸಲದ ಜಿರೊ ನಕ್ಷೆ ನೋಡ್ದಾ?" ಎಂದ ಇವೊ ಒಂದು ಸಂಜೆ. "ನನ್ನ ಕಾಲಿನ ಅಳತೆ ತಗೊಂಡು ಹೊಲಿದಂಗಿದೆ ಕಣೋ. ಕೊನೇ ವಾರ ಬರೀ ಬೆಟ್ಟ."

"ಹಾಗಾದ್ರೆ ಜಿರೊ ಅಂತ ಹೇಳ್ಬಿಡು."

"ಹೇಳ್ಬೋದಿತ್ತು. ಆದ್ರೆ ಹಾಸಿಗೆ ಫ್ರಾನ್ಸಲ್ಲಿ ಮಾರಾಟ ಆಗ್ಬೇಕಂತೆ."

ನಮ್ಮ ತಂಡಕ್ಕೆ ಹಣ ಹಾಕುತ್ತಿದ್ದದ್ದು ಒಂದು ಹಾಸಿಗೆ ಕಂಪನಿ. ನಮ್ಮ ಎದೆಯ ಮೇಲೆ, ಬೆನ್ನ ಮೇಲೆ, ಚಡ್ಡಿಯ ಮೇಲೆ ಅದರದೇ ಹೆಸರು. ನಾವು ಸೋತ ದಿನ ಜನ "ಮಲಗಿಬಿಟ್ರು" ಎಂದು ಗೇಲಿ ಮಾಡಲು ಅನುಕೂಲವಾಗಿತ್ತು. ಕಂಪನಿ ಫ್ರಾನ್ಸಿನಲ್ಲಿ ಹೊಸ ಅಂಗಡಿಗಳನ್ನು ತೆರೆದಿತ್ತು. ಜುಲೈಯಲ್ಲಿ ಇವೊ ಅಲ್ಲಿರಬೇಕು. ಬೇರೆ ಕಾರಣಗಳನ್ನು ಆಮೇಲೆ ಹುಡುಕಿದರು: ಟೂರ್‌ನಲ್ಲಿ ಒಬ್ಬೊಬ್ಬರಾಗಿ ಗಡಿಯಾರದ ಎದುರು ಓಡುವ ದಿನಗಳು ಹೆಚ್ಚು, ದೊಡ್ಡ ಎದುರಾಳಿಯೊಬ್ಬ ಜಿರೊಗೆ ಹೋಗುತ್ತಿದ್ದಾನೆ, ಇವೊಗೆ ಚಳಿ ಆಗಿಬರುವುದಿಲ್ಲ. ಆಲ್ಪ್ಸಿನಲ್ಲಿ ಹುಟ್ಟಿದವನಿಗೆ ಚಳಿ ಆಗಿಬರುವುದಿಲ್ಲವೆಂದು ಕೇಳಿ ನನಗೆ ನಗು ಬಂತು. ಮೇಜು ಒರೆಸುವ ನೆಪದಲ್ಲಿ ಬಗ್ಗಿದೆ.

ಮರುದಿನ ಮೈಕುಗಳ ಮುಂದೆ ಇವೊ, "ತುಂಬ ಯೋಚನೆ ಮಾಡಿ ಟೂರ್ ಆರಿಸಿಕೊಂಡಿದ್ದೇನೆ. ಇದು ನನ್ನ ಬಾಲ್ಯದ ಕನಸು," ಎಂದ. ಅವನ ಹಿಂದೆ ಒಂದು ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು.

ಮ್ಯಾನೇಜರ್ ಬೊರ್ತೊಲೊ ಊಟದ ಮನೆಯಲ್ಲಿ ಎಜಿದಿಯೊನ ಬೆನ್ನು ತಟ್ಟಿ ಹೇಳಿದ: "ನೀನಂತೂ ಇವೊ ಜೊತೆ. ಮೇ ತಿಂಗಳು ತೆನೆರಿಫೆ ದ್ವೀಪದ ಬೆಟ್ಟದ ಮೇಲೆ ಅಭ್ಯಾಸ, ಆಮೇಲೆ ಟೂರ್." ಟೂರ್‌ನಲ್ಲಿ ನಾಯಕನಿಗೆ ಗಾಳಿ ತಡೆಯಬೇಕಾದವನು ಮೇ ತಿಂಗಳಲ್ಲಿ ಜಿರೊ ಓಡಿ ಕಾಲು ಸವೆಸಿಕೊಳ್ಳುವಂತಿಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಎಜಿದಿಯೊ ಮಳೆ ಬರುತ್ತದಂತೆ ಎಂದು ಯಾರೋ ಹೇಳಿದಾಗ ತಲೆಯಾಡಿಸುವ ಹಾಗೆ ತಲೆಯಾಡಿಸಿದ.

"ಊರಿನ ಮೇಲೆ ಹೋಗುತ್ತೆ ಅಂತ ಅವರಿಗೆ ಹೇಳಿದ್ಯಾ?" ಎಂದೆ, ಸಂಜೆ ಅವನ ಕಾಲು ಕೈಗೆ ಬಂದಾಗ.

"ಹೇಳಿ?"

"ಹೇಳಿದ್ರೆ ಏನಾದ್ರೂ..."

"ನಾಯಕ ಎಲ್ಲಿ ಉಚ್ಚೆ ಹೊಯ್ತಾನೋ ಅಲ್ಲಿ ನಾನು ತಳ್ತಿರ್ಬೇಕು. ಈ ಸಲ ಫ್ರಾನ್ಸಲ್ಲಿ ಹೊಯ್ತಾನಂತೆ. ಮುಗೀತು."

"ಓರ್ನೆಲ್ಲಾ ಏನಂದ್ಲು?"

"'ಹಾಗಾದ್ರೆ ಆ ದಿನ ಪಾರ್ಲರ್ ಬಾಗಿಲು ತೆಗೀತೀನಿ, ಹೊರಗಿನವರು ತುಂಬ ಜನ ಬರ್ತಾರಲ್ಲ' ಅಂದ್ಲು," ಎಂದು ಮುಖವನ್ನು ತೂತಿನೊಳಗೆ ಇಳಿಸಿದ.

ಇಲ್ಲಿಗೆ ಬಿಟ್ಟಿದ್ದರೆ ಅವನು ತೆನೆರಿಫೆಯ ಬೆಟ್ಟದ ಮೇಲೆ ಕೂತು ಟಿವಿಯಲ್ಲಿ ತನ್ನೂರು ನೋಡಿ ಒಂದಿಷ್ಟು ಬೈದುಕೊಂಡು ಸುಮ್ಮನಾಗುತ್ತಿದ್ದ. ಆದರೆ ಪ್ರದಾಲ್ತಾದವರಿಗೆ ಅವನ ಮೇಲೆ ಪ್ರೀತಿ.

ಮಾರ್ಚಿನಲ್ಲಿ ಫೆರ್ಮೊ ಸಂಘದ ನಾಲ್ಕು ಜನರನ್ನು ಕಟ್ಟಿಕೊಂಡು, ವ್ಯಾನಿನ ತುಂಬ ಹರಡುವಂಥ ವಾಸನೆಯ ತಲೆಜ್ಜೊ ಚೀಸನ್ನು ಇಟ್ಟುಕೊಂಡು, ಇಸೇಯೊ ಸರೋವರದ ದಂಡೆಗೆ ಹೋದ. ಇವೊ ಮನೆಯಿರುವುದು ಅಲ್ಲಿ. ಅಭ್ಯಾಸ ಮುಗಿಸಿ ಕಾಫಿ ಕುಡಿಯುತ್ತಿದ್ದವನನ್ನು ಸುತ್ತುಗಟ್ಟಿದರು. ಅಲ್ಲಿ ನಡೆದದ್ದನ್ನು ಫೆರ್ಮೊ ನನಗೆ ಎಷ್ಟು ಸಲ ಹೇಳಿದ್ದಾನೆಂದರೆ ನಾನೇ ಚೀಸು ಹೊತ್ತುಕೊಂಡು ಹೋಗಿದ್ದೆ ಅನ್ನಿಸುತ್ತದೆ.

"ಇವೊ, ಮಗಾ, ನಮ್ಮ ಹುಡುಗನ್ನ ಒಂದು ದಿನದ ಮಟ್ಟಿಗೆ ಬಿಟ್ಟುಕೊಡಪ್ಪ."

"ಒಂದು ದಿನಕ್ಕೆ ಜಿರೊ ಆಗಲ್ಲ ಅಜ್ಜಾ. ಮೂರು ವಾರ ಓಡ್ಬೇಕು."

"ಮೂರು ವಾರಕ್ಕೇ ಬಿಡು ಹಾಗಾದ್ರೆ. ಚೀಸು ದೊಡ್ಡದೇ ತಂದಿದ್ದೀವಿ."

ಇವೊಗೆ ವಿಷಯವೇ ಗೊತ್ತಿರಲಿಲ್ಲ. ಕೇಳಿ ಅವನ ಕಿವಿ ಕೆಂಪಾಯಿತಂತೆ. "ಅಯ್ಯೋ, ಅವನ ಮನೆ ಮುಂದೇನಾ? ಒಂದು ಮಾತೂ ಹೇಳಲಿಲ್ವಲ್ಲ ಆ ಪುಣ್ಯಾತ್ಮ! ಬರ್ಲಿ ಬಿಡಿ, ಖಂಡಿತ ಬರ್ಲಿ. ಬೊರ್ತೊಲೊಗೆ ನಾನೇ ಹೇಳ್ತೀನಿ. ಟೂರ್ ಏನು, ಅವನಿಲ್ಲದೆಯೂ ನಡೆಯುತ್ತೆ."

ಒಳ್ಳೆಯ ಹುಡುಗ ಇವೊ. ಆ ನಾಲ್ಕು ಜನರಲ್ಲಿ ಒಬ್ಬ ಊರಿನ ಔಷಧಿ ಅಂಗಡಿಯವನು, ಕಣಿವೆಯ ವಾರಪತ್ರಿಕೆಗೆ ಸುದ್ದಿ ಕಳಿಸುವವನೂ ಅವನೇ. ಆ ವಾರದ ಪತ್ರಿಕೆಯ ಮೊದಲ ಪುಟದಲ್ಲಿ ಚೀಸು ಹಿಡಿದ ಇವೊನ ಫೋಟೊ, ಮೇಲೆ ಗೇಣುದ್ದದ ಅಕ್ಷರದಲ್ಲಿ: "ಅವನಿಲ್ಲದೆಯೂ ನಡೆಯುತ್ತೆ: ಇವೊ." ಫೆರ್ಮೊ ಅದಕ್ಕೆ ಕಟ್ಟು ಹಾಕಿಸಿ ಬಾರಿನ ಗೋಡೆಗೆ ನೇತುಹಾಕಿದ.

ನಾನು ಸಿಹಿ ಸುದ್ದಿ ತಂದವನ ಗತ್ತಿನಲ್ಲಿ ಎಜಿದಿಯೊಗೆ ಅದನ್ನು ಓದಿ ಹೇಳಿದೆ. ಅವನು ಮೇಜಿನ ಮೇಲೆ ಮೊಣಕೈ ಊರಿ ಎದ್ದ.

"ಇದನ್ನ ಬೊರ್ತೊಲೊ ಓದಿದ್ನಾ?"

"ಓದಿ ನಗ್ತಿದ್ರು. ನಿನ್ನನ್ನ ಜಿರೊ ತಂಡಕ್ಕೆ ಹಾಕಿದ್ದಾರಂತೆ. ಪಾರ್ಟಿ ಯಾವಾಗ?"

"ತೊಬಿಯಾ, ನಾನು ಎಷ್ಟು ಓಟ ಗೆದ್ದಿದ್ದೀನಿ?"

"ಒಂದೂ ಇಲ್ಲ."

"ಮತ್ತೆ ನನ್ನ ಹತ್ರ ಏನಿದೆ?"

"ಮೂಳೆ," ಎಂದೆ. ಅವನು ನಗಲಿಲ್ಲ.

"ಅವನಿಲ್ದೆ ಆಗಲ್ಲ ಅನ್ನೋ ಮಾತೊಂದು ಇತ್ತು ಕಣೋ. ಗ್ರೆಗಾರಿಯೊಗೆ ಅದೊಂದೇ ಆಸ್ತಿ. ನಾಯಕ ಅದನ್ನ ಬಾಯಿಬಿಟ್ಟು ಹೇಳೋದು ಬೇಡ. ಆದ್ರೆ ಅದರ ಉಲ್ಟಾ ಮಾತು ಅವನ ಬಾಯಲ್ಲಿ ಬರ್ಬಾರ್ದು. ಬಂದ್ರೆ ಮುಗೀತು."

"ಇವೊ ಒಳ್ಳೆ ಮನಸ್ಸಿಂದ ಹೇಳಿದ್ದು ಮಾರಾಯಾ."

"ಗೊತ್ತು. ಫೆರ್ಮೊನೂ ಒಳ್ಳೆ ಮನಸ್ಸಿಂದ್ಲೇ ಹೋಗಿದ್ದು. ಯಾರಿಗೆ ಬಯ್ಲಿ ಹೇಳು?"

ಆ ವರ್ಷದ ಕೊನೆಗೆ ಅವನ ಒಪ್ಪಂದ ಮುಗಿಯುತ್ತಿತ್ತು. ಇನ್ನೆರಡು ವರ್ಷ ಹಿಂಡಿನಲ್ಲಿರಬೇಕೆಂಬುದು ಅವನ ಆಸೆ. ತಂಡಗಳಲ್ಲಿ ಇಂಥವರನ್ನು ಉಳಿಸಿಕೊಳ್ಳುವುದು ಗೆಲುವು ನೋಡಿಯಲ್ಲ, ನಾಯಕ "ನನಗೆ ಅವನು ಬೇಕು" ಅನ್ನುವುದನ್ನು ನೋಡಿ. ಮರುದಿನ ಅವನೇ ಬೊರ್ತೊಲೊ ಕೋಣೆಗೆ ಹೋದ. ನಾನು ಹೊರಗೆ ಟವೆಲ್ ಮಡಚುತ್ತಿದ್ದೆ. ಬಾಗಿಲು ತೆಳು.

"ನಂಗೆ ಜಿರೊ ಬೇಡ. ಮೊದಲಿದ್ದಂಗೆ ತೆನೆರಿಫೆಗೇ ಹೋಗ್ತೀನಿ."

"ಹುಚ್ಚು ಹಿಡೀತಾ? ಪೇಪರಿನಲ್ಲಿ ಬಂದಿದೆ, ಊರೆಲ್ಲ ಕಾಯ್ತಿದೆ. ಈಗ ಬೇಡ ಅಂದ್ರೆ ಇವೊ ಮುಖ ಏನಾಗ್ಬೇಕು? ಅವನು ನಿನಗೋಸ್ಕರ ಅಷ್ಟು ಮಾಡಿದ್ದಾನೆ."

"ನಾನು ಕೇಳಿರ್ಲಿಲ್ಲ."

"ಅದೇ ನಿನ್ನ ದೊಡ್ಡಗುಣ ಕಣೋ. ಹೋಗು, ಹೆಂಡ್ತಿಗೆ ಫೋನ್ ಮಾಡು."

ತೆನೆರಿಫೆಗೆ ಅವನ ಬದಲು ಡೆನ್ಮಾರ್ಕಿನ ಹುಡುಗನೊಬ್ಬ ಹೋದ. ಹೊರಡುವ ಮುಂಚೆ ಅವನ ಕಾಲನ್ನೂ ನಾನೇ ತಿಕ್ಕಿದೆ. ಇಪ್ಪತ್ತೊಂದರ ಕಾಲು, ಹೊಸ ಹಗ್ಗದ ಹಾಗೆ. ಪಕ್ಕದ ಕುರ್ಚಿಯಲ್ಲಿ ಸರದಿ ಕಾಯುತ್ತ ಎಜಿದಿಯೊ ಕೂತಿದ್ದ. "ಹೇಗಿದೆ?" ಎಂದು ಅವನೇ ಕೇಳಿದ. "ಪರವಾಗಿಲ್ಲ," ಎಂದೆ. "ಸುಳ್ಳು ಬೇಡ, ನಂಗೂ ಕಣ್ಣಿದೆ," ಅಂದ.

ಜಿರೊದಲ್ಲಿ ನಮ್ಮ ತಂಡಕ್ಕೆ ದೊಡ್ಡ ನಾಯಕನಿರಲಿಲ್ಲ. ಕೊನೆಯ ಗಳಿಗೆಯಲ್ಲಿ ನುಗ್ಗಿ ದಿನದ ಓಟ ಗೆಲ್ಲಬಲ್ಲ ಒಬ್ಬ ವೇಗಿ, ಉಳಿದವರು ಹೊಸ ಹುಡುಗರು. ಯಾರೂ ಎಜಿದಿಯೊನಿಂದ ಏನನ್ನೂ ಕೇಳಲಿಲ್ಲ. ಅವನೇ ಎಲ್ಲವನ್ನೂ ಮೈಮೇಲೆ ಹಾಕಿಕೊಂಡ. ಗಾಳಿಯಿಲ್ಲದ ದಿನವೂ ಮುಂದೆ ಹೋಗಿ ಎದೆಕೊಟ್ಟ. ಬಾಟಲಿ ತುಂಬಿರುವವರಿಗೂ ನೀರು ತಂದ. "ಅಣ್ಣಾ, ನಂಗೆ ಬಾಯಾರಿಕೆ ಇಲ್ಲ," ಎಂದು ವೇಗಿ ಕೈಮುಗಿದರೂ ಬಿಡಲಿಲ್ಲ. ದಿನವೂ ಸಂಜೆ ಅವನ ತೊಡೆಯ ಗಂಟುಗಳು ನನ್ನ ಹೆಬ್ಬೆರಳಿಗೆ ಸಿಗುತ್ತಿದ್ದವು, ನೆನೆಹಾಕಿದ ಕಡಲೆಯ ಹಾಗೆ. ತಾನಿಲ್ಲದೆ ಆಗುವುದಿಲ್ಲವೆಂದು ಬೊರ್ತೊಲೊಗೆ ತೋರಿಸಬೇಕಾಗಿತ್ತು ಅವನಿಗೆ. ಬೊರ್ತೊಲೊ ಕಾರಿನಲ್ಲಿ ಕೂತು ವೇಗಿಯ ಮೇಲೆ ಕಣ್ಣಿಟ್ಟಿದ್ದ.

ಪ್ರದಾಲ್ತಾದ ಹಿಂದಿನ ದಿನ ಬೊರ್ತೊಲೊ ನನ್ನನ್ನು ಕರೆದ. "ನಾಳೆ ನೀನು ಎಜಿದಿಯೊ ಮನೆ ಮುಂದೇನೇ ನಿಂತು ಬಾಟಲಿ ಕೊಡು. ಹೇಗೂ ಇಳೀತಾನೆ. ಮುತ್ತಿಗೆ ಮುತ್ತು, ನೀರಿಗೆ ನೀರು." ಅವನೂ ಒಳ್ಳೆಯವನೇ. ಈ ಕತೆಯಲ್ಲಿ ಕೆಟ್ಟವರು ಯಾರಾದರೂ ಸಿಕ್ಕರೆ ನನಗೂ ಹಗುರವಾಗುತ್ತಿತ್ತು.

ಊರೆಂದರೆ ಊರಲ್ಲ ಅವತ್ತು. ಕಿಟಕಿ, ಕಂಬ, ಕಾರಂಜಿ, ಕೊನೆಗೆ ಪಾದ್ರಿಯ ನಾಯಿ ಎಲ್ಲಕ್ಕೂ ಜಿರೊದ ಗುಲಾಬಿ ಬಣ್ಣ. ರಸ್ತೆಯ ಮೇಲೆ ಫೆರ್ಮೊ ಮತ್ತೆ ಬರೆಸಿದ್ದ ಹೆಸರು. ಪಾರ್ಲರಿನಲ್ಲಿ ತಲೆಗೆ ಬಣ್ಣ ಹಾಕಿಸಿಕೊಳ್ಳುತ್ತಿದ್ದ ಇಬ್ಬರು ಹೆಂಗಸರು ಕೂದಲಿಗೆ ಬೆಳ್ಳಿ ಕಾಗದ ಸುತ್ತಿಕೊಂಡೇ ಹೊರಗೆ ಬಂದು ನಿಂತಿದ್ದರು. ಓರ್ನೆಲ್ಲಾ ಹಸಿರು ಲಂಗದಲ್ಲಿದ್ದಳು. ಕೈಗೆ ಹತ್ತಿದ್ದ ಬಣ್ಣವನ್ನು ಉಜ್ಜಿ ಉಜ್ಜಿ ತೊಳೆದಿದ್ದಳು, ಆದರೂ ಉಗುರಿನ ಸುತ್ತ ಉಳಿದಿತ್ತು.

"ಎಷ್ಟು ಹೊತ್ತು ನಿಲ್ತಾನೆ ತೊಬಿಯಾ?"

"ಒಂದು ಗುಟುಕು ವೈನ್ ಕುಡಿಯೋಷ್ಟು."

"ಬೆವರಿರ್ತಾನಲ್ಲ. ಲಂಗ ಹಾಳಾಗುತ್ತೆ ಅಂತ ಇವರು ಹೆದರಿಸ್ತಿದ್ದಾರೆ."

"ಹಾಳಾದ್ರೆ ಆಗ್ಲಿ ಬಿಡೇ!" ಎಂದಳು ಬೆಳ್ಳಿ ಕಾಗದದ ಒಬ್ಬಾಕೆ. "ನಮ್ಮನೆಯವರು ಮುತ್ತು ಕೊಡೋಕೆ ಬೆವರೋದೂ ಇಲ್ಲ."

ಮೇಲೆ ಹೆಲಿಕಾಪ್ಟರ್ ಬಂತು. ಕೆಳಗಿನ ತಿರುವಿನಲ್ಲಿ ಮೋಟಾರ್ ಸೈಕಲ್ಲುಗಳು, ಅವುಗಳ ಹಿಂದೆ ರಸ್ತೆಯಗಲ ಹಿಂಡು. ಹಿಂಡು ವೇಗ ಇಳಿಸಿದ್ದು ಕಣ್ಣಿಗೆ ಕಂಡಿತು. ಅದರ ನಡುವಿನಿಂದ ಅವನೊಬ್ಬ ಹೊರಬಿದ್ದ. "ಹೋಗು ಮುದುಕಾ, ನಿನ್ನೂರು!" ಎಂದು ಹಿಂದಿನಿಂದ ಯಾರೋ ಕೂಗಿದರು. ಚರ್ಚಿನ ಗಂಟೆ ಹೊಡೆಯಿತು. ಫೆರ್ಮೊ ಕೈಯಲ್ಲಿ ವೈನಿನ ಲೋಟ ಹಿಡಿದು ರಸ್ತೆಯ ನಡುವಿಗೇ ಬಂದುಬಿಟ್ಟ.

ಎಜಿದಿಯೊ ಬಂದ. ಬ್ರೇಕ್ ಹಿಡಿದ. ಓರ್ನೆಲ್ಲಾ ಒಂದು ಹೆಜ್ಜೆ ಮುಂದಿಟ್ಟಳು. ಅವನು ಸೈಕಲಿನ ಮೇಲೆ ಕೂತಂತೆಯೇ ಒಂದು ಕಾಲನ್ನು ನೆಲಕ್ಕೆ ಊರಿ ಕೈಚಾಚಿದ. ಕೈ ನನ್ನ ಕಡೆಗೆ ಬಂತು.

"ಬಾಟಲಿ ಕೊಡು."

ಕೊಟ್ಟೆ. ಬೆನ್ನ ಜೇಬಿಗೆ ತುರುಕಿದ. "ಇನ್ನೊಂದು. ಇನ್ನೊಂದು ಕೊಡೋ, ಬೇಗ!" ಅಂಗಿಯ ಕೊರಳಿನಿಂದ ಬೆನ್ನಿಗೆ ಹಾಕಿದ, ಎದೆಗೆ ಹಾಕಿದ. ಗೂನು ಬೆನ್ನು, ಬಸುರಿ ಹೊಟ್ಟೆ. ಜನ ಇದೇನೋ ತಮಾಷೆ ಎಂದು ನಗುತ್ತಿದ್ದರು. ಅವನು ಮಾತ್ರ ಕುತ್ತಿಗೆ ತಿರುಗಿಸಿ ತಿರುಗಿಸಿ ರಸ್ತೆಯ ಕೆಳಗೆ, ತಂಡದ ಕಾರುಗಳು ಬರುವ ಕಡೆ ನೋಡುತ್ತಿದ್ದ. ಓರ್ನೆಲ್ಲಾ ಕೈಯಳತೆಯಲ್ಲಿದ್ದಳು.

"ಓರ್ನೆ, ಹುಡುಗರಿಗೆ ನೀರು ಕೊಡ್ಬೇಕು ಕಣೆ," ಎಂದ.

ಅಷ್ಟರಲ್ಲಿ ಹಿಂಡು ಬಂತು. "ಇಳಿಯೋ ದಡ್ಡಾ, ನಿನ್ನ ಮನೆ ಕಣೋ!" ಎಂದು ಬೇರೆ ತಂಡದ ಹಳಬನೊಬ್ಬ ಕಿರುಚಿದ. ಎಜಿದಿಯೊ ಪೆಡಲ್ ತುಳಿದು ಅವರ ನಡುವೆ ಸೇರಿಕೊಂಡು ಬಲಕ್ಕೂ ಎಡಕ್ಕೂ ಬಾಟಲಿ ಹಂಚುತ್ತ ಹೋದ. ಮೇಲಿನ ತಿರುವಿನ ತನಕ ಕಾಣುತ್ತಿದ್ದ.

ಬಣ್ಣ ಬಣ್ಣದ ಕಾರುಗಳು ಒಂದರ ಹಿಂದೊಂದು ಬಂದವು. ನಮ್ಮದು ಅವುಗಳಲ್ಲಿರಲಿಲ್ಲ. ಊರ ಕೆಳಗೆ ವೇಗಿಯ ಚಕ್ರ ಪಂಕ್ಚರಾಗಿತ್ತಂತೆ. ಅದನ್ನು ಬದಲಿಸಿ, ಎಲ್ಲ ಮುಗಿದ ಮೇಲೆ ಕೊನೆಯದಾಗಿ ಬಂತು. ಬೊರ್ತೊಲೊ ಕಿಟಕಿ ಇಳಿಸಿದ.

"ಏನು, ಮುತ್ತು ಕೊಟ್ನಾ?"

"ಇಲ್ಲ. ನೀರು ತಗೊಂಡು ಹೋದ."

"ನೀರಾ? ಯಾರು ಕೇಳಿದ್ರು ನೀರು? ಕಾರಲ್ಲಿ ಬೇಕಾದಷ್ಟಿದೆ." ತಲೆ ಕೊಡವಿದ. "ಆರಾಮಾಗಿ ಊರು ನೋಡ್ಕೊಂಡು ಹೋಗ್ಲಿ ಅಂತ ತಾನೇ ಇವನನ್ನ ಕರ್ಕೊಂಡು ಬಂದಿದ್ದು!" ಕಾರು ಹೋಯಿತು.

ಫೆರ್ಮೊ ಲೋಟ ಹಿಡಿದು ಅಲ್ಲೇ ನಿಂತಿದ್ದ. "ನಮ್ಮನ್ನ ನೋಡಿದ್ನಾ ಅವನು? ನಾನು ಇಲ್ಲೇ ಇದ್ನಲ್ಲ," ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದ. ನೋಡಿದ ಎಂದರು ಕೆಲವರು. ಬಿಸಿಲು ಕಣ್ಣಿಗೆ ಹೊಡೀತಿತ್ತು, ಕಂಡಿರಲಿಕ್ಕಿಲ್ಲ ಎಂದರು ಕೆಲವರು. ಅದರ ಮೇಲೆ ಜಗಳವೇ ಶುರುವಾಯಿತು.

ಓರ್ನೆಲ್ಲಾ ಬಾಟಲಿಗಳಿದ್ದ ನನ್ನ ಖಾಲಿ ಡಬ್ಬದೊಳಗೆ ನೋಡಿದಳು.

"ಬಾಟಲಿ ಎಲ್ಲಾ ಸರಿಯಾಗಿ ಸಿಕ್ತಾ ಅವನಿಗೆ?"

"ಸಿಕ್ತು."

"ಸರಿ." ಬೆಳ್ಳಿ ಕಾಗದದವರ ಕಡೆ ತಿರುಗಿದಳು. "ಬನ್ರೇ ಒಳಗೆ. ಇನ್ನೂ ಬಿಟ್ರೆ ಕೂದಲು ಸುಟ್ಟುಹೋಗುತ್ತೆ."

ಅವತ್ತಿನ ಓಟ ಬೆಟ್ಟದ ಮೇಲಿನ ಅಪ್ರಿಕಾ ಎಂಬ ಊರಿನಲ್ಲಿ ಮುಗಿಯಿತು. ಹೋಟೆಲಿನಲ್ಲಿ ಎಜಿದಿಯೊ ಕೊನೆಯವನಾಗಿ ನನ್ನ ಕೋಣೆಗೆ ಬಂದು ಮೇಜಿನ ಮೇಲೆ ಬೋರಲಾದ. ನಾನು ಎಣ್ಣೆ ಬಿಸಿ ಮಾಡಿಕೊಂಡೆ. ಮೀನಖಂಡದಿಂದ ಶುರುಮಾಡಿ ತೊಡೆಯವರೆಗೆ ಹೋದೆ. ಕಿಟಕಿಯಾಚೆ ಯಾರೋ ಸೈಕಲ್ಲುಗಳಿಗೆ ನೀರು ಹೊಡೆದು ತೊಳೆಯುತ್ತಿದ್ದರು.

"ತೊಬಿಯಾ."

"ಹೂಂ."

"ಬೊರ್ತೊಲೊ ನೋಡಿದ್ನಾ?"

"ಓರ್ನೆಲ್ಲಾ ಹಸಿರು ಲಂಗ ಹಾಕಿದ್ಲು," ಎಂದೆ.

"ಗೊತ್ತು, ನೋಡ್ದೆ." ತೂತಿನೊಳಗಿಂದ ಅವನ ದನಿ ನೆಲಕ್ಕೆ ಹೇಳಿದ ಹಾಗೆ ಬಂತು. "ಬೊರ್ತೊಲೊ ನೋಡಿದ್ನಾ ಅಂತ ಕೇಳ್ದೆ."

ನನ್ನ ಹೆಬ್ಬೆರಳು ಒಂದು ಗಂಟಿನ ಮೇಲೆ ನಿಂತಿತ್ತು.

"ಎಡಗಾಲು ಬಿಗಿ ಹಿಡಿದಿದ್ದೀಯ," ಎಂದೆ. "ಸಡಿಲ ಬಿಡು."

ಕಾಲು ಸ್ವಲ್ಪ ಹೊತ್ತು ಬಿಗಿಯಾಗಿಯೇ ಇತ್ತು. ಆಮೇಲೆ ಅವನು ಸಡಿಲ ಬಿಟ್ಟ.